ಕೊಳ್ಳುವವರು ಬಂದರೂ ಷೇರುದಾರನಿಗೆ ಸಿಗುವುದೇನು?

ಸಾಲದಲ್ಲಿ ಮುಳುಗಿರುವ ಸಾಫ್ಟ್‌ವೇರ್ ಕಂಪನಿಯೊಂದರ ಷೇರು 200 ರೂಪಾಯಿಯಿಂದ 18ಕ್ಕೆ ಇಳಿದಿದೆ, ದೊಡ್ಡ ಕಂಪನಿಯೊಂದು ಅದನ್ನು ಕೊಳ್ಳಲಿದೆಯಂತೆ, ನಿವೃತ್ತಿಯ ಹಣದಲ್ಲಿ ಒಂದಿಷ್ಟನ್ನು ಅದರಲ್ಲಿ ತೊಡಗಿಸಲೇ ಎಂದು ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ. ‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂಬ ಮಾತನ್ನೂ ಸೇರಿಸಿದ್ದಾರೆ.

ಮಾನ್ಯರೇ, ಇಷ್ಟು ಅಚ್ಚುಕಟ್ಟಾದ ಪತ್ರ ನಮಗೆ ಬರುವುದು ಅಪರೂಪ. ಆದರೆ ಸತ್ತ ಆನೆಯ ಸಾವಿರ ಯಾರ ಕೈಸೇರುತ್ತದೆ ಎಂಬುದನ್ನು ನೀವು ಕೇಳಿಕೊಂಡಿಲ್ಲ.

ನಿಮ್ಮ ಪರವಾಗಿ ಹೇಳಬಹುದಾದ ಉದಾಹರಣೆ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನದು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕಪತ್ರದ ವಂಚನೆಯನ್ನು ಒಪ್ಪಿಕೊಂಡಾಗ, 179 ರೂಪಾಯಿ ಆಸುಪಾಸಿನಲ್ಲಿದ್ದ ಷೇರು ಎರಡೇ ದಿನಗಳಲ್ಲಿ 25ಕ್ಕೂ ಕೆಳಗಿಳಿಯಿತು. ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರ ಷೇರಿಗೆ 58 ರೂಪಾಯಿಯ ಬಿಡ್ ಕೂಗಿ ಅದನ್ನು ಗೆದ್ದುಕೊಂಡಿತು. ತಳದಲ್ಲಿ ಕೊಂಡವರು ಲಾಭ ಮಾಡಿದರು, ನಿಜ. ಆದರೆ ಅಲ್ಲಿ ಸಾವಿರಾರು ನುರಿತ ನೌಕರರೂ ಹಣ ಕೊಡುವ ಗ್ರಾಹಕರೂ ಇದ್ದರು, ಕೇಂದ್ರ ಸರ್ಕಾರವೇ ಹಳೆಯ ಆಡಳಿತ ಮಂಡಳಿಯನ್ನು ತೆಗೆದು ಹೊಸಬರನ್ನು ಕೂರಿಸಿತ್ತು. ನಿಮ್ಮ ಕಂಪನಿಗೆ ಇವುಗಳಲ್ಲಿ ಯಾವುದಿದೆ?

ಕೊಳ್ಳುವವರು ಬಾಗಿಲಿಗೇ ಬಂದು ಬರಿಗೈಯಲ್ಲಿ ಮರಳುವುದೂ ಉಂಟು. ಗೂಗಲ್ ಎದುರು ಸೊರಗುತ್ತಿದ್ದ ಯಾಹೂಗೆ 2008ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಷೇರಿಗೆ 31 ಡಾಲರ್ ಕೊಡುವುದಾಗಿ ಹೇಳಿ, ಬಳಿಕ 33ಕ್ಕೆ ಏರಿಸಿತು. ಯಾಹೂ 37 ಕೇಳಿತು. ಮೇ ತಿಂಗಳಲ್ಲಿ ಮಾತುಕತೆ ಮುರಿದುಬಿತ್ತು, ನವೆಂಬರ್ ಹೊತ್ತಿಗೆ ಷೇರು 10 ಡಾಲರ್‌ಗೂ ಕೆಳಗಿತ್ತು. ಆ ವರ್ಷದ ಆರ್ಥಿಕ ಕುಸಿತಕ್ಕೂ ಇದರಲ್ಲಿ ಪಾಲಿದೆಯಾದರೂ, 37 ಕೇಳಬೇಕೆಂಬ ತೀರ್ಮಾನದಲ್ಲಿ ಸಣ್ಣ ಷೇರುದಾರನ ಮಾತಿಗೆ ಎಡೆಯಿರಲಿಲ್ಲ.

ಇದಕ್ಕಿಂತ ಕಹಿಯಾದ ಸಂಗತಿ ನಮ್ಮ ಕಾನೂನಿನಲ್ಲೇ ಇದೆ. ಕಂಪನಿಯ ಶೇ 25ರಷ್ಟು ಪಾಲನ್ನು ಕೊಳ್ಳುವವರು ಉಳಿದ ಷೇರುದಾರರಿಂದ ಕನಿಷ್ಠ ಶೇ 26ರಷ್ಟನ್ನು ಕೊಳ್ಳಲು ಮುಕ್ತ ಆಹ್ವಾನ ಕೊಡಬೇಕೆಂಬುದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮ. ನಿಮ್ಮ ಆಸೆಯೆಲ್ಲ ನಿಂತಿರುವುದು ಇದರ ಮೇಲೆ. ಆದರೆ ಸಾಲ ತೀರಿಸಲಾಗದ ಕಂಪನಿಗಳಿಗೆಂದೇ ಇರುವ ದಿವಾಳಿ ಸಂಹಿತೆಯಡಿ ಕಂಪನಿ ಕೈಬದಲಾದರೆ ಆ ಆಹ್ವಾನ ಬೇಕಿಲ್ಲ. ಸಾಲ ಕೊಟ್ಟವರ ಬಾಕಿ ತೀರಿದ ಮೇಲೆ, ಎಲ್ಲರಿಗಿಂತ ಕೊನೆಯಲ್ಲಿ ಷೇರುದಾರನ ಸರದಿ. 2021ರಲ್ಲಿ ಡಿಎಚ್‌ಎಫ್‌ಎಲ್ ಅನ್ನು ಪಿರಾಮಲ್ ಸಮೂಹ ಕೊಂಡಾಗ ಹಳೆಯ ಷೇರುಗಳಿಗೆ ಸಿಕ್ಕಿದ್ದು ಸೊನ್ನೆ. ಅದು ಗೃಹಸಾಲದ ಕಂಪನಿ, ತಂತ್ರಜ್ಞಾನದ್ದಲ್ಲ. ನಿಯಮ ಮಾತ್ರ ಒಂದೇ. ನನ್ನ ಪರಿಚಿತರಾದ ನಿವೃತ್ತ ಅಧ್ಯಾಪಕರೊಬ್ಬರ ಡಿಮ್ಯಾಟ್ (ಷೇರುಗಳ ವಿದ್ಯುನ್ಮಾನ ಖಾತೆ) ಪಟ್ಟಿಯಲ್ಲಿ ಇಂಥದೇ ಒಂದು ಕಂಪನಿಯ 2000 ಷೇರುಗಳು ಇಂದಿಗೂ ಕೂತಿವೆ. ವಹಿವಾಟು ನಿಂತಿರುವುದರಿಂದ ಮಾರಲೂ ಬರುವುದಿಲ್ಲ.

ನನಗೆ ಸಿಟ್ಟು ಬರುವುದು ನಿಮ್ಮ ಮೇಲಲ್ಲ, ‘ಮೂಲಗಳ ಪ್ರಕಾರ’ ಎಂದು ಇಂಥ ಸುದ್ದಿ ಹಬ್ಬಿಸುವವರ ಮೇಲೆ. ವದಂತಿಯಿಂದ ಬೆಲೆ ಗಣನೀಯವಾಗಿ ಏರಿಳಿದರೆ 24 ಗಂಟೆಯೊಳಗೆ ಒಪ್ಪಬೇಕು ಇಲ್ಲವೇ ಅಲ್ಲಗಳೆಯಬೇಕೆಂದು ಸೆಬಿ 2024ರಲ್ಲಿ ಮೊದಲು 100, ಆಮೇಲೆ 250 ದೊಡ್ಡ ಕಂಪನಿಗಳಿಗೆ ಕಟ್ಟಳೆ ಮಾಡಿತು. ವದಂತಿಯಿಂದಲೇ ಉಸಿರಾಡುವ 18 ರೂಪಾಯಿಯ ಷೇರುಗಳು ಬಹುಪಾಲು ಆ ಪಟ್ಟಿಯ ಹೊರಗಿವೆ. ಕಾವಲು ಹೆಚ್ಚು ಬೇಕಾದಲ್ಲೇ ಕಾವಲಿಲ್ಲ; ಪಿಂಚಣಿದಾರರ ಉಳಿತಾಯ ಸೋರಿಹೋಗುತ್ತಿರುವುದು ಅಲ್ಲಿಂದಲೇ. ನಾವು ಪತ್ರಿಕೆಯವರು ಇದನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು.

ಕಂಪನಿಯ ವಾರ್ಷಿಕ ವರದಿ ಷೇರುಪೇಟೆಯ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಸಾಲವೆಷ್ಟು, ಪ್ರವರ್ತಕರ, ಅಂದರೆ ಕಂಪನಿ ಕಟ್ಟಿ ನಡೆಸುವವರ, ಷೇರುಗಳಲ್ಲಿ ಎಷ್ಟು ಸಾಲಕ್ಕೆ ಒತ್ತೆಯಲ್ಲಿವೆ, ಆದಾಯ ಎಷ್ಟು ಗ್ರಾಹಕರಿಂದ ಬರುತ್ತಿದೆ ಎಂಬುದನ್ನು ನೋಡಿ. ಯಾರೂ ಕೊಳ್ಳಲು ಬಾರದಿದ್ದರೂ ಐದು ವರ್ಷ ಇಟ್ಟುಕೊಳ್ಳಬಹುದಾದ ಷೇರು ಅದು ಎನಿಸಿದರೆ ಕೊಳ್ಳಿ. ಇಲ್ಲವಾದರೆ ನಿಮ್ಮ ಹಣ ಈಗಿರುವ ಬ್ಯಾಂಕಿನಲ್ಲೇ ಇರಲಿ.