'ಟಚ್ ವುಡ್' ಅಂದಾಗ ಸುಮ್ಮನೆ ಕೂತಿದ್ದೆ ಅಂದ ತಂಗಿಗೆ

ನಿನ್ನ ಪ್ರಶ್ನೆ ಓದಿದೆ. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಇಂಗ್ಲೆಂಡಿಗೆ ಬಂದು ಮೂರು ವಾರ ಆಯಿತು, ಕೆಲಸದ ಇಂಗ್ಲಿಷ್ ಕಷ್ಟವಿಲ್ಲ, ಟೀ ಹೊತ್ತಿನ ಮಾತು ಮಾತ್ರ ಅರ್ಥ ಆಗುತ್ತಿಲ್ಲ ಅಂದಿದ್ದೀಯ. ನಿಮ್ಮ ಮ್ಯಾನೇಜರ್ 'ಈ ಚಳಿಗಾಲ ಯಾರೂ ಹುಷಾರು ತಪ್ಪಿಲ್ಲ, ಟಚ್ ವುಡ್' ಅಂದು ಮೇಜು ಮುಟ್ಟಿದರಂತೆ. ಎಲ್ಲರೂ ತಲೆಯಾಡಿಸಿದರಂತೆ, ನೀನು ಸುಮ್ಮನೆ ಕೂತೆಯಂತೆ. ಆಗ ಏನನ್ನಬೇಕಿತ್ತು, ಇವರಿಗೂ ಶಕುನ ಗಿಕುನ ಇದೆಯಾ, ಅದೃಷ್ಟ ಮತ್ತು ನಂಬಿಕೆಯ ಬಗ್ಗೆ ಮಾತಾಡಲು ಯಾವ ಪದ ಬೇಕು ಅಂತ ಕೇಳಿದ್ದೀಯ. ಜೊತೆಗೆ ಬ್ಯಾಂಕು, ಬಾಡಿಗೆ ಮನೆ, ಚಳಿ ಬಟ್ಟೆ.

ಕೊನೆಯ ಮೂರು ಮೊದಲು ಮುಗಿಸುತ್ತೇನೆ. ಬ್ಯಾಂಕಿಗೆ ಹೋಗುವ ಮುಂಚೆ ಆಫೀಸಿನಿಂದ ಒಂದು ಪತ್ರ ಬರೆಸಿಕೋ. ಕಣ್ಣಾರೆ ನೋಡದ ಮನೆಗೆ ದುಡ್ಡು ಕಟ್ಟಬೇಡ. ಚಳಿಯ ಕೋಟು ಕೊಳ್ಳುವ ಮೊದಲು ಒಳಗೆ ನೀರು ಬಿಡದ ಶೂ ತಗೋ. ಇದನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಮಾತಿನ ವಿಷಯ ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ನಾನು ಬಂದದ್ದು 2003ರ ನವೆಂಬರಿನಲ್ಲಿ. ನನ್ನ ಪಕ್ಕದ ಮೇಜಿನಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಹೆಂಗಸು ಇದ್ದರು. ಯಾವ ಬಸ್ಸು, ಯಾವ ಫಾರಂ, ಯಾವುದಕ್ಕೆ ಯಾರ ಹತ್ತಿರ ಹೋಗಬೇಕು, ಎಲ್ಲ ಅವರೇ ಹೇಳಿಕೊಟ್ಟರು. ಒಂದು ಬೆಳಿಗ್ಗೆ ಒಟ್ಟಿಗೆ ನಡೆದು ಬರುತ್ತಿದ್ದೆವು. ಹುಲ್ಲಿನ ಮೇಲೆ ಕಪ್ಪು ಬಿಳುಪಿನ ಹಕ್ಕಿ ಒಂದೇ ಕೂತಿತ್ತು. ಅವರು ಅದರ ಕಡೆ ತಿರುಗಿ 'ಗುಡ್ ಮಾರ್ನಿಂಗ್, ಮಿಸ್ಟರ್ ಮ್ಯಾಗ್‌ಪೈ' ಅಂದರು. ಒಂಟಿ ಮ್ಯಾಗ್‌ಪೈ ಕಂಡರೆ ದುಃಖ, ಜೋಡಿ ಕಂಡರೆ ಸಂತೋಷ ಅಂತ ಇಲ್ಲಿ ಹಳೆಯ ಪದ್ಯವೇ ಇದೆ. ಒಂಟಿ ಹಕ್ಕಿಗೆ ಮರ್ಯಾದೆಯಿಂದ ನಮಸ್ಕಾರ ಹೇಳಿದರೆ ದೋಷ ತಟ್ಟುವುದಿಲ್ಲವಂತೆ. ಆ ಊರಿಗೆ ಬಂದ ಮೇಲೆ ಮೊದಲ ಸಲ ನನಗೆ ಜೀವಕ್ಕೆ ಹಾಯೆನಿಸಿದ್ದು ಆವತ್ತು. ಇವರೂ ನಮ್ಮಂಥವರೇ ಅನ್ನಿಸಿತು.

ಹಾಗಾಗಿ ಹೌದು, ಇವರಿಗೂ ಶಕುನ ಇದೆ. ಏಣಿಯ ಕೆಳಗೆ ನಡೆಯಬಾರದು, ಮನೆಯೊಳಗೆ ಕೊಡೆ ಬಿಚ್ಚಬಾರದು, ಕನ್ನಡಿ ಒಡೆದರೆ ಏಳು ವರ್ಷ ಗ್ರಹಚಾರ, 13ನೇ ತಾರೀಖು ಶುಕ್ರವಾರ ಬಂದರೆ ಒಳ್ಳೆಯದಲ್ಲ. ಕಪ್ಪು ಬೆಕ್ಕು ಎದುರಾದರೆ ಇಲ್ಲಿ ಶುಭ ಅನ್ನುವವರು ಜಾಸ್ತಿ, ಅಮೆರಿಕದಲ್ಲಿ ಅದೇ ಬೆಕ್ಕು ಅಪಶಕುನ. ಮಾತೂ ಬೇರೆಯಾಗುತ್ತದೆ. ಇಲ್ಲಿ 'ಟಚ್ ವುಡ್' ಅಂದರೆ ಅಮೆರಿಕದವರು 'ನಾಕ್ ಆನ್ ವುಡ್' ಅನ್ನುತ್ತಾರೆ. ಒಂದು ಎಚ್ಚರ. 'ಐ ಆಮ್ ಎ ಬಿಟ್ ಸೂಪರ್‌ಸ್ಟಿಷಸ್' ಅಂತ ತಮ್ಮ ಬಗ್ಗೆ ಎಲ್ಲರೂ ಹೇಳಿಕೊಳ್ಳುತ್ತಾರೆ. ಇನ್ನೊಬ್ಬರ ನಂಬಿಕೆಗೆ ನೀನು 'ಸೂಪರ್‌ಸ್ಟಿಷನ್' ಅಂದರೆ ಮಾತ್ರ ನೋವಾಗುತ್ತದೆ. ಮೂಢನಂಬಿಕೆ ಅನ್ನುವ ನಮ್ಮ ಪದದಲ್ಲಿರುವ ಮೂಢ ಅದರೊಳಗೂ ಕೂತಿದೆ.

'ಟಚ್ ವುಡ್' ಈಗ ಚೆನ್ನಾಗಿ ನಡೆಯುತ್ತಿರುವುದು ಕೆಡದಿರಲಿ ಅನ್ನುವುದಕ್ಕೆ. 'ಫಿಂಗರ್ಸ್ ಕ್ರಾಸ್ಡ್' ಇನ್ನು ಆಗಬೇಕಾದದ್ದಕ್ಕೆ. ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿದ್ದರೆ ಎರಡನೆಯದು. ನಿನ್ನ ಮ್ಯಾನೇಜರ್ ಮೇಜು ಮುಟ್ಟಿದಾಗ ನೀನು ಏನೂ ಅನ್ನಬೇಕಾಗಿರಲಿಲ್ಲ. ನಕ್ಕು ನೀನೂ ಮೇಜು ಮುಟ್ಟಿದ್ದರೆ ಸಾಕಿತ್ತು. ನಮ್ಮಲ್ಲಿ ಕೆಟ್ಟ ಮಾತು ಬಾಯಿಗೆ ಬಂದರೆ 'ಬಿಡ್ತು ಅನ್ನು' ಅನ್ನುತ್ತಾರಲ್ಲ, ಅದರ ಪಕ್ಕದ ಮನೆಯ ಮಾತು ಇದು. ಇಲ್ಲಿ ನನಗೆ 'ಬಿಡ್ತು ಅನ್ನು' ಅಂತ ಗದರುವವರು ಯಾರೂ ಇಲ್ಲ. ನನ್ನ ಮಗಳು 'ಟಚ್ ವುಡ್, ಅಮ್ಮಾ' ಅನ್ನುತ್ತಾಳೆ. ನಾನು ಮನಸ್ಸಿನಲ್ಲೇ ಬಿಡ್ತು ಅಂದುಕೊಳ್ಳುತ್ತೇನೆ.

'ದೃಷ್ಟಿ ಆಗುತ್ತೆ' ಅನ್ನುವುದನ್ನು ಹೇಗೆ ಹೇಳುವುದು ಅಂತಲೂ ಕೇಳಿದ್ದೀಯ. ಸರಿಯಾಗಿ ಅದೇ ಅಳತೆಯ ಪದ ಇಲ್ಲಿಯ ದಿನದ ಮಾತಿನಲ್ಲಿ ಇಲ್ಲ. 'ಐ ಡೋಂಟ್ ವಾಂಟ್ ಟು ಜಿಂಕ್ಸ್ ಇಟ್' ಅನ್ನುತ್ತಾರೆ. ಆದರೆ ನಮ್ಮಲ್ಲಿ ಕೆಡಿಸುವುದು ಬೇರೆಯವರ ಕಣ್ಣು. ಜಿಂಕ್ಸ್‌ನಲ್ಲಿ ಕೆಡಿಸುವುದು ನಮ್ಮದೇ ಬಾಯಿ. ಆಗುವ ಮೊದಲೇ ಆಯಿತು ಅಂದುಬಿಟ್ಟರೆ 'ಟೆಂಪ್ಟಿಂಗ್ ಫೇಟ್' ಅನ್ನುತ್ತಾರೆ. ಈ 'ಫೇಟ್' ಅನ್ನುವ ಪದ ಲ್ಯಾಟಿನ್‌ನಿಂದ ಬಂದದ್ದು. ಅದರ ಬೇರಿನ ಅರ್ಥ 'ನುಡಿದದ್ದು'. ನಮ್ಮದು ಹಣೆಬರಹ, ಬರೆದದ್ದು. ಅವರದು ಆಡಿದ ಮಾತು. ಇದನ್ನು ತಿಳಿದ ದಿನ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಕಾರಣ ಕೆಳಗೆ ಹೇಳುತ್ತೇನೆ.

ಅದೃಷ್ಟದ ಪದಗಳಲ್ಲಿ ಹೆಚ್ಚು ಕಷ್ಟವಿಲ್ಲ. 'ಎ ಲಕ್' ಅನ್ನಬೇಡ, 'ಎ ಬಿಟ್ ಆಫ್ ಲಕ್' ಅನ್ನು. ಸಣ್ಣಪುಟ್ಟದಕ್ಕೆ 'ಬ್ಯಾಡ್ ಲಕ್', 'ಹಾರ್ಡ್ ಲಕ್' ಸಮಾಧಾನದ ಮಾತು. ಮ್ಯಾಚ್ ಸೋತರೆ, ಡ್ರೈವಿಂಗ್ ಟೆಸ್ಟ್ ಹೋದರೆ ಹೇಳಬಹುದು. ಸಾವಿಗೆ, ಕಾಯಿಲೆಗೆ ಮಾತ್ರ ಬೇಡವೇ ಬೇಡ. ಅಲ್ಲಿ 'ಐ ಆಮ್ ಸೋ ಸಾರಿ' ಸಾಕು. ಇನ್ನೊಂದು ಇದೆ. ಯಾರಿಗಾದರೂ ಪ್ರಮೋಷನ್ ಸಿಕ್ಕಾಗ 'ಯು ಗಾಟ್ ಲಕ್ಕಿ' ಅನ್ನಬೇಡ. ನಾವು ಪುಣ್ಯವಂತರು ಅಂತ ಹೊಗಳುವ ಹಾಗೆ ಅದು ಕೇಳಿಸುವುದಿಲ್ಲ. ನಿನ್ನ ದುಡಿಮೆ ಏನೂ ಇಲ್ಲ, ಸುಮ್ನೆ ಸಿಕ್ಕಿತು ಅಂದ ಹಾಗಾಗುತ್ತದೆ. 'ವೆಲ್ ಡನ್, ಯು ಡಿಸರ್ವ್ ಇಟ್' ಅನ್ನು. 'ಫ್ಲೂಕ್', ಅಂದರೆ ಅದೃಷ್ಟದಿಂದ ಅಚಾನಕ್ಕಾಗಿ ಸಿಕ್ಕಿದ್ದು, ಈ ಪದವನ್ನು ನಿನ್ನ ಬಗ್ಗೆ ನೀನು ಹೇಳಿಕೊಳ್ಳಬಹುದು, ಬೇರೆಯವರ ಬಗ್ಗೆ ಬೇಡ.

ಈಗ ನಂಬುವ, ನಂಬದಿರುವ ಮಾತಿಗೆ ಬರುತ್ತೇನೆ. ನಾನು ಈ ಉತ್ತರ ಬರೆಯಲು ಕೂತದ್ದೇ ಇದಕ್ಕೆ.

2004ರ ಮಾರ್ಚ್ ತಿಂಗಳು. ಮ್ಯಾಗ್‌ಪೈಗೆ ನಮಸ್ಕಾರ ಹೇಳಿದ ಅದೇ ಹೆಂಗಸು ಬೆಳಿಗ್ಗೆ ಟೀ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಕಣ್ಣು ಕೆಂಪಾಗಿತ್ತು, ಮುಖ ಅರಳಿತ್ತು. ಅವರಿಗೆ ಒಬ್ಬ ತಮ್ಮ ಇದ್ದ. ಯಾವುದೋ ಜಗಳವಾಗಿ ಹತ್ತೊಂಬತ್ತು ವರ್ಷ ಮಾತು ಬಿಟ್ಟಿದ್ದ. ಹಿಂದಿನ ರಾತ್ರಿ ಫೋನ್ ಮಾಡಿದನಂತೆ. ಆಫೀಸಿನಲ್ಲಿ ಬೇರೆ ಯಾರಿಗೂ ಹೇಳಿರಲಿಲ್ಲ, ಮೊದಲು ನನಗೆ ಹೇಳಿದರು. ನನಗೆ ಎಷ್ಟು ಖುಷಿಯಾಯಿತು! ನಮ್ಮಲ್ಲಾದರೆ ಏನನ್ನುತ್ತಿದ್ದೆ, ಹೇಳು? 'ಅಯ್ಯೋ, ಸುಳ್ಳು ಹೇಳಬೇಡಿ! ನಾನು ನಂಬಲ್ಲಪ್ಪ!' ಇಷ್ಟೇ ಅಲ್ವಾ? ಸುದ್ದಿ ಹೇಳುತ್ತಿದ್ದವರು ಇನ್ನಷ್ಟು ಉತ್ಸಾಹದಿಂದ ಕಥೆ ಮುಂದುವರಿಸುತ್ತಿದ್ದರು. ನನ್ನ ಬಾಯಿಂದ ಅದೇ ಇಂಗ್ಲಿಷಿನಲ್ಲಿ ಬಂತು. 'ನೋ! ಯು ಆರ್ ಲೈಯಿಂಗ್! ಐ ಡೋಂಟ್ ಬಿಲೀವ್ ಯು!'

ಅವರು ಲೋಟ ಕೆಳಗಿಟ್ಟರು. 'ವೈ ವುಡ್ ಐ ಲೈ ಅಬೌಟ್ ದಟ್?' ಅಂತ ಮೆಲ್ಲಗೆ ಕೇಳಿದರು. ನಾನು ಅದೂ ಮಾತಿನ ವರಸೆ ಅಂದುಕೊಂಡು ಇನ್ನೂ ಜೋರಾಗಿ ನಕ್ಕೆ. ಆಡಿದ ಮಾತಿಗಿಂತ ಆ ನಗುವೇ ನನ್ನನ್ನು ಜಾಸ್ತಿ ಕಾಡುತ್ತದೆ.

ಆಮೇಲೆ ಅವರು ಒರಟಾಗಿ ನಡೆದುಕೊಳ್ಳಲಿಲ್ಲ. ಹವೆ, ಕೆಲಸ, ಬಸ್ಸು, ಇಷ್ಟು ಮಾತಾಡುತ್ತಿದ್ದರು. ತಮ್ಮನ ಹೆಸರು ಮತ್ತೆ ಎತ್ತಲಿಲ್ಲ. ಬೇಸಿಗೆಯಲ್ಲಿ ನಿವೃತ್ತರಾಗಿ ಹೋದರು. ಅವರಿಗೆ ನನ್ನ ಮೇಲೆ ಯಾಕೋ ಮನಸ್ಸು ಮುರಿದಿದೆ ಅನ್ನಿಸುತ್ತಿತ್ತು, ಕಾರಣ ಹೊಳೆಯಲಿಲ್ಲ. ಆರು ವರ್ಷದ ನಂತರ ನನ್ನ ಮಗಳು ಶಾಲೆಯಿಂದ ಬಂದು ಓಟದಲ್ಲಿ ಮೊದಲು ಬಂದೆ ಅಂದಳು. 'ಯು ಆರ್ ಲೈಯಿಂಗ್!' ಅಂದೆ, ಮುದ್ದು ಮಾಡುತ್ತಲೇ. ಮಗು ಬಿಕ್ಕಿ ಬಿಕ್ಕಿ ಅತ್ತಿತು. 'ಐ ಆಮ್ ನಾಟ್ ಎ ಲಯರ್' ಅಂದಿತು. ಆಗ ನನಗೆ 2004ರ ಆ ಬೆಳಿಗ್ಗೆ ಅರ್ಥವಾಯಿತು.

ಆದ್ದರಿಂದ ಇದನ್ನು ಬರೆದಿಟ್ಟುಕೋ. 'ಲೈ' ಅನ್ನುವುದು ನಮ್ಮ ಸುಳ್ಳಿನಷ್ಟು ಹಗುರ ಅಲ್ಲ. ಮುಖಕ್ಕೆ ಹೇಳಿದರೆ ಅದು ಆರೋಪ. ಖುಷಿಗೆ, ಆಶ್ಚರ್ಯಕ್ಕೆ 'ಯು ಆರ್ ಜೋಕಿಂಗ್!', 'ನೋ ವೇ!' ಅನ್ನು. 'ಯು ಆರ್ ಪುಲ್ಲಿಂಗ್ ಮೈ ಲೆಗ್' ಅಂದರೂ ಆದೀತು, ಕಾಲೆಳೆಯುವುದು ಎರಡೂ ಭಾಷೆಯಲ್ಲಿ ಒಂದೇ. 'ಐ ಕಾಂಟ್ ಬಿಲೀವ್ ಇಟ್!' ಅನ್ನಬಹುದು. ಆ 'ಇಟ್' ಜಾಗದಲ್ಲಿ 'ಯು' ಬಂದರೆ ಎಲ್ಲ ಕೆಟ್ಟಿತು. 'ಐ ಫೈಂಡ್ ದಟ್ ಹಾರ್ಡ್ ಟು ಬಿಲೀವ್' ಕೇಳಲು ಮೆತ್ತಗಿದೆ, ಆದರೆ ಅದೂ ನೀನು ಹೇಳುತ್ತಿರುವುದು ಸುಳ್ಳು ಅನ್ನುವ ಮಾತೇ. 'ಅನ್‌ಬಿಲೀವಬಲ್', 'ಇನ್‌ಕ್ರೆಡಿಬಲ್' ಹೆಚ್ಚಾಗಿ ಹೊಗಳಿಕೆ. 'ಐ ಬಿಲೀವ್ ಯು' ಅಂದರೆ ನೀನು ಹೇಳಿದ್ದು ನಿಜ ಅಂತ, 'ಐ ಬಿಲೀವ್ ಇನ್ ಯು' ಅಂದರೆ ನಿನ್ನ ಮೇಲೆ ಭರವಸೆ ಇದೆ ಅಂತ. ದೆವ್ವ, ಅದೃಷ್ಟ ಇವಕ್ಕೂ ಈ 'ಇನ್' ಬೇಕು. ಗಾಳಿಮಾತಿನ ಬಗ್ಗೆ ಅನುಮಾನವಿದ್ದರೆ 'ಸೌಂಡ್ಸ್ ಎ ಬಿಟ್ ಫಾರ್-ಫೆಚ್ಡ್', 'ಟೇಕ್ ಇಟ್ ವಿತ್ ಎ ಪಿಂಚ್ ಆಫ್ ಸಾಲ್ಟ್' ಅನ್ನು. ಇವು ಸುದ್ದಿಗೆ ತಗಲುತ್ತವೆ, ಮನುಷ್ಯರಿಗಲ್ಲ.

ಒಂದು ಪದ ತಿಳಿಯದಿದ್ದರೆ ಅಲ್ಲೇ ಕೇಳು. ಎದುರಿನವರ ಮುಖ ಬಾಡಿದರೆ 'ಡಿಡ್ ಐ ಸೇ ಸಮ್‌ಥಿಂಗ್ ರಾಂಗ್?' ಅನ್ನು. ಆ ಒಂದು ವಾಕ್ಯ ಆವತ್ತು ನನಗೆ ಗೊತ್ತಿತ್ತು, ಕೇಳಲಿಲ್ಲ.

ಪ್ರತಿ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಕಾರ್ಡು ತರುವಾಗ ಅವರ ಲೆಕ್ಕಕ್ಕೆ ಒಂದು ಹೆಚ್ಚಿಗೆ ತರುತ್ತೇನೆ. ವಿಳಾಸ ಇಲ್ಲ. ಒಂಟಿ ಮ್ಯಾಗ್‌ಪೈ ಕಂಡರೆ ಈಗ ನಾನೂ ನಿಂತು ಗುಡ್ ಮಾರ್ನಿಂಗ್ ಹೇಳುತ್ತೇನೆ. ಅವರ ತಮ್ಮ ಆಮೇಲೆ ಮನೆಗೆ ಬಂದನಾ, ಅಕ್ಕ ತಮ್ಮ ಎದುರುಬದುರು ಕೂತು ಮಾತಾಡಿದರಾ, ನನಗೆ ಇವತ್ತಿಗೂ ಗೊತ್ತಿಲ್ಲ.