ಥರ್ಮಾಕೋಲ್ ಗಟ್ಟಿ, ಸ್ಪಂಜು ಮೆತ್ತಗೆ. ಎರಡರಲ್ಲೂ ಇರುವುದು ಗಾಳಿಯೇ ಅಲ್ವಾ?

ಹೌದು, ಥರ್ಮಾಕೋಲ್‌ನಲ್ಲಂತೂ ಸುಮಾರು 98% ಗಾಳಿ. ಪ್ಲಾಸ್ಟಿಕ್ ಬೇರೆ ಎನ್ನುವುದು ಒಂದು ಕಾರಣ: ಥರ್ಮಾಕೋಲ್‌ನ ಪಾಲಿಸ್ಟೈರೀನ್ ಬಿರುಸು, ಸ್ಪಂಜಿನ ಪಾಲಿಯುರೆಥೇನ್ ಬಳುಕುತ್ತದೆ.

ಆದರೆ ನಿಜವಾದ ಸೊಗಸು ಒಳಗಿನ ರಚನೆಯಲ್ಲಿದೆ. ಸ್ಪಂಜಿನ ಕೋಶಗಳು, ಅಂದರೆ ಗಾಳಿ ತುಂಬಿದ ಪುಟ್ಟ ಗೂಡುಗಳು, ತೆರೆದಿರುತ್ತವೆ. ಅಲ್ಲಿ ಇರುವುದು ಹೆಚ್ಚಾಗಿ ಸಣ್ಣ ಕಡ್ಡಿಗಳು. ಒತ್ತಿದರೆ ಅವು ಬಾಗುತ್ತವೆ, ಗಾಳಿ ಹೊರಗೆ ಹೋಗುತ್ತದೆ. ಥರ್ಮಾಕೋಲ್‌ನ ಕೋಶಗಳು ಮುಚ್ಚಿವೆ. ತೆಳು ಗೋಡೆಗಳು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಸಿಕ್ಕಿಬಿದ್ದ ಗಾಳಿಯೂ ಸ್ವಲ್ಪ ಎದುರು ಒತ್ತುತ್ತದೆ.

ಸಾಂದ್ರತೆಯ ಲೆಕ್ಕ ಇನ್ನೂ ಚೆಂದ. ಒಂದೇ ಪ್ಲಾಸ್ಟಿಕ್‌ನ ತೆರೆದ ಕೋಶದ ಫೋಮ್ ತೆಗೆದುಕೊಳ್ಳಿ. ಸಾಂದ್ರತೆ ಅರ್ಧವಾದರೆ ಬಿಗಿತ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ! ಕಡ್ಡಿ ತೆಳುವಾದರೆ ಬಾಗುವುದು ಅಷ್ಟು ಸುಲಭ. ಕೋಶಗಳು ಒಂದು ದಿಕ್ಕಿಗೆ ಉದ್ದವಾಗಿದ್ದರೆ, ಆ ದಿಕ್ಕಿನಲ್ಲಿ ಫೋಮ್ ಜಾಸ್ತಿ ಬಿಗಿ.