ಏಳು ಮಕ್ಕಳ ಟೀಚರು, ತಲೆ ಲೆಕ್ಕದ ಶಾಲೆ

ಏಳು ಮಕ್ಕಳನ್ನು ಹೆತ್ತು ಸಾಕಿದ ಹೆಂಗಸು ದಿನಾ ಶಾಲೆಗೂ ಹೋಗಿ ಪಾಠ ಮಾಡಿದ್ದು ಹೇಗೆ ಅಂತ ಕೇಳಿದಿರಿ. ಕೇರಳದ ಒಳಗೆ ಕನ್ನಡ ಶಾಲೆ ಯಾಕಿದೆ ಅಂತಲೂ ಕೇಳಿದಿರಿ. ಬೆಂಗಳೂರಿನಲ್ಲಿ ಕೂತವರಿಗೆ ಇವು ಎರಡು ಬೇರೆ ಪ್ರಶ್ನೆ. ನಮ್ಮ ಮನೆಯಲ್ಲಿ ಎರಡೂ ಒಂದೇ ಆಗಿದ್ದವು. ನನ್ನ ಅಮ್ಮ ಕಾಸರಗೋಡಿನ ಒಳನಾಡಿನ ಒಂದು ಕನ್ನಡ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಟೀಚರಾಗಿದ್ದರು. ಆ ಶಾಲೆ ಉಳಿದದ್ದರಲ್ಲಿ ನಾವು ಏಳು ಮಕ್ಕಳ ಪಾಲೂ ಇದೆ.

ಹಿನ್ನೆಲೆ ಬೇಗ ಹೇಳಿ ಮುಗಿಸುತ್ತೇನೆ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರೇ. ಅವತ್ತಿನಿಂದ ಕೇರಳದವರಾದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಅಂತ ಗಡಿ ವಿವಾದ ನೋಡಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಆಗಲಿಲ್ಲ. ಕಾಸರಗೋಡು ಸ್ವಂತ ಜಿಲ್ಲೆಯಾದದ್ದು 1984ರಲ್ಲಿ. ನಮಗೆ ಮಂಗಳೂರು ಸುಮಾರು 50 ಕಿಲೋಮೀಟರ್, ರಾಜಧಾನಿ ತಿರುವನಂತಪುರ 500ಕ್ಕೂ ಹೆಚ್ಚು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಪಾಠ ಅವರ ಭಾಷೆಯಲ್ಲೇ ಸಿಗುವಂತೆ ನೋಡಿಕೊಳ್ಳಬೇಕು ಅಂತ ಸಂವಿಧಾನದಲ್ಲಿ ಒಂದು ವಿಧಿ ಇದೆ, 350ಎ. ಅದನ್ನು ಸೇರಿಸಿದ್ದೂ ಅದೇ 1956ರಲ್ಲಿ. ಹಾಗಾಗಿ ಗಡಿ ಬದಲಾದರೂ ಕನ್ನಡ ಶಾಲೆಗಳು ಇದ್ದಲ್ಲೇ ಉಳಿದವು.

ಆದರೆ ವಿಧಿ ಇದ್ದ ಮಾತ್ರಕ್ಕೆ ಶಾಲೆ ನಡೆಯುವುದಿಲ್ಲ. ಶಾಲೆ ನಡೆಯುವುದು ತಲೆ ಲೆಕ್ಕದ ಮೇಲೆ.

ನಮ್ಮಲ್ಲಿ ಐಡೆಡ್ ಶಾಲೆ ಜಾಸ್ತಿ. ಕಟ್ಟಡ ಮೆನೇಜರದ್ದು, ನೇಮಕ ಮಾಡುವವರೂ ಅವರೇ, ಸಂಬಳ ಮಾತ್ರ ಸರ್ಕಾರದ್ದು. ಎಷ್ಟು ಮಕ್ಕಳೋ ಅದಕ್ಕೆ ತಕ್ಕಷ್ಟು ಡಿವಿಜನ್ (ಕ್ಲಾಸಿನ ವಿಭಾಗ), ಎಷ್ಟು ಡಿವಿಜನ್ನೋ ಅಷ್ಟು ಟೀಚರು. ಈಗ ಜೂನಿನಲ್ಲಿ ಶಾಲೆ ಶುರುವಾಗಿ ಆರನೇ ಕೆಲಸದ ದಿನದ ಲೆಕ್ಕವೇ ಕೊನೆ. ಅಮ್ಮನ ಕಾಲದಲ್ಲಿ ಎ.ಇ.ಒ. (ಸಹಾಯಕ ಶಿಕ್ಷಣಾಧಿಕಾರಿ) ಆಫೀಸಿನಿಂದ ಬಂದು ಬೆಂಚು ಬೆಂಚಿನಲ್ಲಿ ತಲೆ ಎಣಿಸುತ್ತಿದ್ದರು. ಎರಡು ಮಕ್ಕಳು ಕಡಿಮೆಯಾದರೂ ‘ಡಿವಿಜನ್ ಹೋಯಿತು’. ಅಂದರೆ ಎಲ್ಲರಿಗಿಂತ ಕಿರಿಯ ಟೀಚರು ಮನೆಗೆ.

ಈಗ ನಮ್ಮ ಮನೆಯ ಲೆಕ್ಕ ನೋಡಿ. ಎಲ್.ಪಿ. ಅಂದರೆ ಒಂದರಿಂದ ನಾಲ್ಕು. ನಮ್ಮ ನಡುವೆ ಹೆಚ್ಚು ಕಡಿಮೆ ಎರಡೆರಡು ವರ್ಷದ ಅಂತರ. ಹಾಗಾಗಿ ವರ್ಷಗಟ್ಟಲೆ ಆ ಶಾಲೆಯ ಹಾಜರಿ ಪುಸ್ತಕದಲ್ಲಿ ನಮ್ಮ ಮನೆಯ ಎರಡು ಹೆಸರು ಇದ್ದೇ ಇತ್ತು. ಹತ್ತಿರದ ಆಸ್ಪತ್ರೆಯ ಗೋಡೆಯಲ್ಲಿ ಕೆಂಪು ತ್ರಿಕೋನದ ಕೆಳಗೆ ‘ನಾವಿಬ್ಬರು, ನಮಗಿಬ್ಬರು’ ಅಂತ ಬರೆದಿರುತ್ತಿತ್ತು. ಅದನ್ನು ಓದಿ ಯಾರಾದರೂ ತಮಾಷೆ ಮಾಡಿದರೆ ಹೆಡ್‌ಮಾಷ್ಟ್ರು, ‘ಟೀಚರ ಮನೆಯಿಂದ ಈ ವರ್ಷವೂ ಒಂದು ಎಡ್ಮಿಷನ್ ಉಂಟು, ಸುಮ್ಮನಿರಿ’ ಎನ್ನುತ್ತಿದ್ದರಂತೆ. ಶಾಲೆಗೋಸ್ಕರ ಹೆತ್ತರು ಅಂತ ಅಲ್ಲ ಮತ್ತೆ! ಆಗಿನ ಮನೆಗಳೇ ಹಾಗೆ.

ಮೇ ತಿಂಗಳಲ್ಲಿ ಅಮ್ಮನಿಗೆ ಹೆಸರಿಗೆ ಮಾತ್ರ ರಜೆ. ಕಂಕುಳಲ್ಲಿ ಒಂದು ಕೂಸು, ಕೈಯಲ್ಲಿ ಕೊಡೆ, ಗುಡ್ಡೆ ಹತ್ತಿ ಮನೆ ಮನೆಗೆ ಹೋಗುತ್ತಿದ್ದರು. ಐದು ವರ್ಷ ತುಂಬಿದ ಮಕ್ಕಳಿದ್ದಾರಾ ಅಂತ ಕೇಳುವುದು. ಬೀಡಿ ಕಟ್ಟುವ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಬರುವುದೇ ಕಷ್ಟ. ಎಲೆ ಕತ್ತರಿಸಲು, ನೂಲು ಸುತ್ತಲು ಆ ಸಣ್ಣ ಕೈಗಳು ಬೇಕು. ಅಮ್ಮ ಜಗಲಿಯಲ್ಲಿ ಕೂತು ಒಂದು ಲೋಟ ಬೆಲ್ಲದ ನೀರು ಕುಡಿದು, ಊರಿನ ಸುದ್ದಿಯೆಲ್ಲ ಮಾತಾಡಿ, ಏಳುವಾಗ ‘ಒಂದನೇ ತಾರೀಕು ಕಳಿಸಿ ಆಯ್ತಾ’ ಎಂದು ಬರುತ್ತಿದ್ದರು. ಈಗಿನವರು ಇದನ್ನು ಪ್ರಚಾರ ಅನ್ನಬಹುದು. ಅವರಿಗೆ ಅದು ಕೆಲಸ ಉಳಿಸಿಕೊಳ್ಳುವ ದಾರಿ.

ಬಂದ ಮಕ್ಕಳಿಗೆ ಕನ್ನಡ ಬರುತ್ತಿತ್ತಾ? ಹೆಚ್ಚಿನವರಿಗೆ ಇಲ್ಲ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಕಾಸರಗೋಡಿನ ಕನ್ನಡ ಶಾಲೆ ಅಂದರೆ ಕನ್ನಡ ಮಾತಾಡುವ ಮಕ್ಕಳ ಶಾಲೆ ಅಂತ ನೀವು ತಿಳಿದಿರುತ್ತೀರಿ. ಒಂದನೇ ಕ್ಲಾಸಿನ ಬೆಂಚಿನಲ್ಲಿ ತುಳು ಇರುತ್ತಿತ್ತು, ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ ಇರುತ್ತಿತ್ತು. ಹವ್ಯಕರ ಮನೆಯ ಮಗು ಮಾತಾಡುವ ಕನ್ನಡ ಪುಸ್ತಕದ ಕನ್ನಡಕ್ಕಿಂತ ಬೇರೆಯೇ. ಅಮ್ಮ ಮೊದಲ ತಿಂಗಳು ತುಳುವಿನಲ್ಲೇ ‘ಬಲ, ಕುಲ್ಲು’ (ಬಾ, ಕೂತುಕೋ) ಎನ್ನುತ್ತಿದ್ದರು. ಓಣಂ ಪರೀಕ್ಷೆ ಬರುವ ಹೊತ್ತಿಗೆ ಇಡೀ ಕ್ಲಾಸು ಕನ್ನಡದಲ್ಲಿ ಜಗಳ ಆಡುತ್ತಿತ್ತು. ಕನ್ನಡ ನಮ್ಮಲ್ಲಿ ಮನೆಯಿಂದ ಶಾಲೆಗೆ ಬಂದದ್ದಕ್ಕಿಂತ ಶಾಲೆಯಿಂದ ಮನೆಗೆ ಹೋದದ್ದೇ ಜಾಸ್ತಿ.

ಇನ್ನು ದಿನಚರಿ. ನಸುಕಿಗೆ ಎದ್ದು ದನದ ಹಟ್ಟಿ, ಹಾಲು. ಸುರಂಗದಿಂದ ಹರಿದು ಬರುವ ನೀರು ಅಂಗಳದ ತೊಟ್ಟಿಗೆ ಬೀಳುತ್ತಿತ್ತು, ಆ ಒಂದು ಸುಖ ಇತ್ತು. ಬಾವಿಯಿಂದ ಸೇದುವ ಕೆಲಸ ಇರಲಿಲ್ಲ. ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ನೀರು ತರುವ ಈ ಸುರಂಗಗಳನ್ನು ನೀವು ಬಂದರೆ ತೋರಿಸುತ್ತೇನೆ. ಏಳೂ ಮಕ್ಕಳಿಗೆ ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ, ಇದ್ದರೆ ಚಟ್ನಿ. ಆಮೇಲೆ ಸೀರೆ ಉಟ್ಟು ತೋಟದ ದಾರಿಯಲ್ಲಿ ಶಾಲೆ. ಮಧ್ಯಾಹ್ನ ಶಾಲೆಯಲ್ಲಿ ಮೊದಲು ಹಳದಿ ಸಜ್ಜಿಗೆ (ಉಪ್ಪಿಟ್ಟು), ಎಂಬತ್ತರ ದಶಕದಿಂದ ಗಂಜಿ ಮತ್ತು ಹೆಸರುಕಾಳು. ಎಷ್ಟೋ ಮಕ್ಕಳು ಬರುತ್ತಿದ್ದದ್ದೇ ಅದಕ್ಕೆ.

ಮಳೆಗಾಲ ಬೇರೆಯೇ ಕತೆ. ನಮ್ಮ ದಾರಿಯಲ್ಲಿ ಒಂದು ತೋಡು (ಹಳ್ಳ), ಅದಕ್ಕೆ ಅಡಿಕೆ ಮರದ ಸಂಕ (ಕಾಲುಸೇತುವೆ). ಜೂನಿನಲ್ಲಿ ಮಳೆ ಹೊಡೆದರೆ ಶಾಲೆ ಬಿಟ್ಟ ಕೂಡಲೇ ಅಮ್ಮ ಮೊದಲು ಹೋಗಿ ಸಂಕದ ಬುಡದಲ್ಲಿ ನಿಲ್ಲುತ್ತಿದ್ದರು. ಆಚೆ ದೊಡ್ಡ ಮಗು ಒಂದು, ಈಚೆ ಅಮ್ಮ, ನಡುವೆ ಒಬ್ಬೊಬ್ಬರನ್ನೇ ದಾಟಿಸುವುದು. ಈಗ ಮಳೆ ಜೋರಾದರೆ ಕಲೆಕ್ಟರು ರಜೆ ಕೊಡುತ್ತಾರೆ, ಮೊಬೈಲಿಗೆ ಮೆಸೇಜು ಬರುತ್ತದೆ. ಬಯಲಾಟದ ಮರುದಿನ ಮಾತ್ರ ಆಗಲೂ ಅರ್ಧ ಕ್ಲಾಸು ಖಾಲಿ. ಬಂದ ಅರ್ಧ ಬೆಂಚಿನಲ್ಲೇ ನಿದ್ದೆ. ಅಮ್ಮ ಬೈಯುತ್ತಿರಲಿಲ್ಲ. ಹಿಂದಿನ ರಾತ್ರಿ ಅವರೂ ಅಲ್ಲೇ ಚಾಪೆ ಹಾಸಿ ಕೂತಿರುತ್ತಿದ್ದರಲ್ಲ.

ಹಾಗಾದರೆ ಕೂಸುಗಳನ್ನು ನೋಡಿಕೊಂಡವರು ಯಾರು? ಅಜ್ಜಿ. ಅಜ್ಜಿ ಸೋತ ಮೇಲೆ ದೊಡ್ಡಕ್ಕ. ಟೀಚರಮ್ಮ ಎಲ್ಲವನ್ನೂ ಒಬ್ಬರೇ ನಿಭಾಯಿಸಿದರು ಅಂತ ಊರವರು ಹೊಗಳುವಾಗ ನನಗೆ ಸ್ವಲ್ಪ ಕಿರಿಕಿರಿ. ಅಕ್ಕ ಹತ್ತನೆಯದು ಪಾಸಾಗಿ ಮನೆಯಲ್ಲಿ ನಿಂತಳು. ಅವಳಿಗೆ ಮಾಯಿಪ್ಪಾಡಿಯಲ್ಲಿ ಟೀಚರ್ ಟ್ರೈನಿಂಗ್ ಮಾಡುವ ಆಸೆ ಇತ್ತು. ಕೊನೆಯ ತಂಗಿ ಆಗಿನ್ನೂ ತೊಟ್ಟಿಲಲ್ಲಿದ್ದಳು. ಊರ ಮಕ್ಕಳನ್ನು ಓದಿಸಿದ ಮನೆಯಲ್ಲೇ ಒಬ್ಬಳ ಓದು ನಿಂತಿತು. ಅಮ್ಮ ಇದನ್ನು ಕೊನೆವರೆಗೂ ಮಾತಾಡಲಿಲ್ಲ. ಅಕ್ಕನೂ ಅಷ್ಟೇ.

ಸುತ್ತೋಲೆಗಳು ಬರುತ್ತಿದ್ದದ್ದು ಮಲಯಾಳದಲ್ಲಿ. ಅಮ್ಮ ಕೆಲಸಕ್ಕೆ ಸೇರಿದ ಮೇಲೆ, ಮಕ್ಕಳ ಬಟ್ಟೆ ಒಗೆದು ಮುಗಿಸಿ, ರಾತ್ರಿ ಚಿಮಿಣಿ ಬೆಳಕಲ್ಲಿ ಮಲಯಾಳ ಅಕ್ಷರ ಕಲಿತರು. ಕನ್ನಡ ಪಠ್ಯಪುಸ್ತಕ ಬರುವಷ್ಟರಲ್ಲಿ ಪಾಠ ಅರ್ಧ ಆಗಿರುತ್ತಿತ್ತು. ಹಿಂದಿನ ವರ್ಷದ ಪುಸ್ತಕವೇ ಗತಿ. ನಮ್ಮ ಊರಿನ ಮಾಷ್ಟ್ರುಗಳ ಹೆಸರು ನೀವೂ ಕೇಳಿದ್ದೀರಿ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದವರೇ. ಅವರು ಭಾಷಣ ಮಾಡಿದರು, ಹೋರಾಟ ಮಾಡಿದರು, ಅದು ಬೇಕಿತ್ತು. ಅವರ ಭಾಷಣ ಓದಿ ಅರ್ಥ ಮಾಡಿಕೊಳ್ಳುವಷ್ಟು ಅಕ್ಷರವನ್ನು ಎಲ್.ಪಿ. ಶಾಲೆಯ ಟೀಚರುಗಳು ಕಲಿಸಿದರು. ಆ ಟೀಚರುಗಳ ಹೆಸರು ಎಲ್ಲೂ ಇಲ್ಲ.

ಆಗ ಕೇರಳದಲ್ಲಿ ನಿವೃತ್ತಿ 55ಕ್ಕೆ. ಅಮ್ಮ ನಿವೃತ್ತರಾದಾಗ ಕೊನೆಯ ತಂಗಿ ಹೈಸ್ಕೂಲಿನಲ್ಲಿದ್ದಳು. ಪೆನ್ಶನ್‌ನಲ್ಲಿ ಅವಳ ಓದು, ಎರಡು ಮದುವೆ, ಹಟ್ಟಿಗೆ ಹೊಸ ಮಾಡು (ಛಾವಣಿ) ಎಲ್ಲ ಆಯಿತು.

ಈಗಿನ ಸ್ಥಿತಿಯನ್ನೂ ಹೇಳಬೇಕಲ್ಲ. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯ ಅಂತ ಸರ್ಕಾರ ಹೇಳಿದಾಗ ಕಾಸರಗೋಡಿನಲ್ಲಿ ದೊಡ್ಡ ಪ್ರತಿಭಟನೆ ಆಯಿತು, ನಾನೂ ಹೋಗಿದ್ದೆ. ಕನ್ನಡ ಗೊತ್ತಿಲ್ಲದವರನ್ನು ಕನ್ನಡ ಶಾಲೆಗೆ ನೇಮಿಸಿದಾಗಲೂ ಜನ ಜಗಳ ಮಾಡುತ್ತಾರೆ, ಮಾಡಬೇಕಾದ್ದೇ. ಆದರೆ ಪ್ರತಿಭಟನೆಗೆ ಬಂದವರಲ್ಲಿ ಎಷ್ಟು ಜನರ ಮಕ್ಕಳು ಕನ್ನಡ ಶಾಲೆಯಲ್ಲಿದ್ದರು? ಕೇಳಿದರೆ ನೆಲ ನೋಡುತ್ತಾರೆ. ನಮ್ಮ ಏಳು ಜನರ ಮಕ್ಕಳಲ್ಲಿ ಕನ್ನಡ ಮೀಡಿಯಂ ಓದಿದವರು ಇಬ್ಬರೇ. ಉಳಿದವರಿಗೆಲ್ಲ ಪೇಟೆಯ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು. ನನ್ನ ಮಗನಿಗೂ. ಮನೆಗೊಂದು ಮಗು, ಅದೂ ಹಳದಿ ಬಸ್ಸಿನಲ್ಲಿ. ಆರನೇ ದಿನ ಎಣಿಸಲು ತಲೆ ಎಲ್ಲಿಂದ ಬರಬೇಕು?

ನೀವು ಕೊನೆಗೆ ಕೇಳಿದ್ದಕ್ಕೂ ಉತ್ತರ: ಹೌದು, ಶಾಲೆ ಈಗಲೂ ಇದೆ. ಅಮ್ಮನ ಹಳೆಯ ವಿದ್ಯಾರ್ಥಿನಿಯೊಬ್ಬರು ಅಲ್ಲಿ ಟೀಚರು. ಮೇ ತಿಂಗಳಲ್ಲಿ ಅವರೂ ಗುಡ್ಡೆ ಹತ್ತುತ್ತಾರೆ, ಈಗ ಸ್ಕೂಟರಿನಲ್ಲಿ. ನೀವು ಬರುವುದಾದರೆ ಜೂನ್ ಮೊದಲ ವಾರ ಬರಬೇಡಿ, ಅವರಿಗೆ ಮಾತಾಡಲು ಪುರುಸೊತ್ತು ಇರುವುದಿಲ್ಲ. ಓಣಂ ರಜೆ ಮುಗಿದ ಮೇಲೆ ಬನ್ನಿ.